ಕೋವಿಗೆ ಯಾವ ಕಣ್ಣು ಹಾಕಿಸೋಣ?

ಆಕಾಶ ನೋಡುವ ಹುಚ್ಚಿರುವವರೆಲ್ಲ ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆಯನ್ನು ನೋಡಿರುತ್ತೀರಿ. 1883ರಲ್ಲಿ ಅದರ ಒಂದು ಫೋಟೋ ತೆಗೆದು, ಟೆಲಿಸ್ಕೋಪಿಗೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಫೋಟೋದಲ್ಲಿ ಮೂಡುತ್ತವೆ ಅಂತ ತೋರಿಸಿಕೊಟ್ಟವನು ಆಂಡ್ರ್ಯೂ ಐನ್ಸ್‌ಲಿ ಕಾಮನ್ ಎಂಬ ಇಂಗ್ಲಿಷ್ ಹವ್ಯಾಸಿ. ಅದಕ್ಕಾಗಿ ಮರುವರ್ಷ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕವೂ ಬಂತು. ಇದೇ ಮನುಷ್ಯ ಜೀವನದ ಕೊನೆಯ ವರ್ಷಗಳಲ್ಲಿ ಏನು ಮಾಡುತ್ತಿದ್ದ ಗೊತ್ತೆ? ತೋಪು, ಬಂದೂಕುಗಳಿಗೆ ಕೂರಿಸುವ ಟೆಲಿಸ್ಕೋಪು! 1901ರಲ್ಲಿ ಲೀ-ಎನ್‌ಫೀಲ್ಡ್ ರೈಫಲ್ಲಿಗೆ (ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ತೂಗಾಡಿತಲ್ಲ, ಆ ತ್ರೀ-ನಾಟ್-ತ್ರೀ ವಂಶದ್ದು) ಒಂದು ಟೆಲಿಸ್ಕೋಪ್ ಸೈಟ್ ಮಾಡಿದ. ಸೈನ್ಯ ಅದನ್ನು ತೆಗೆದುಕೊಳ್ಳಲಿಲ್ಲ. 1903ರಲ್ಲಿ ಆತ ತೀರಿಕೊಂಡ.

ಅದೇ ಹೊತ್ತಿಗೆ ಡಬ್ಲಿನ್ನಿನಲ್ಲಿ ಇನ್ನೊಬ್ಬ ಟೆಲಿಸ್ಕೋಪ್ ತಯಾರಕ, ಸರ್ ಹೋವರ್ಡ್ ಗ್ರಬ್, ಪೂರ್ತಿ ಬೇರೆ ಥರದ ಒಂದು ಸೈಟಿಗೆ 1900ರಲ್ಲಿ ಪೇಟೆಂಟ್ ಪಡೆದಿದ್ದ. ಈತನ ಕಾರ್ಖಾನೆಯ ದೊಡ್ಡ ಟೆಲಿಸ್ಕೋಪುಗಳು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೂ ಕೊಡೈಕನಾಲಿಗೂ ಬಂದಿವೆ. ಅಮೆರಿಕದಲ್ಲಿ ಲಿಕ್ ವೀಕ್ಷಣಾಲಯದ 36 ಇಂಚಿನ ದೂರದರ್ಶಕಕ್ಕೆ ಆಧಾರಪೀಠ ಮಾಡಿದ ವಾರ್ನರ್ ಅಂಡ್ ಸ್ವೇಸಿ ಕಂಪನಿಯವರೂ ರೈಫಲ್ ಸೈಟ್ ಮಾಡಿದರು. ಜರ್ಮನಿಯ ಝೈಸ್ ಬಗ್ಗೆ ಹೇಳುವುದೇ ಬೇಡ, ಕಾವಲೂರಿನ ಒಂದು ಮೀಟರ್ ದೂರದರ್ಶಕ ಅವರದೇ. ನಕ್ಷತ್ರ ನೋಡುವ ಗಾಜು, ಮನುಷ್ಯನಿಗೆ ಗುರಿಯಿಡುವ ಗಾಜು ಎರಡೂ ಒಂದೇ ಮನೆಯಿಂದ ಬಂದವು. ಇದು ನನಗೆ ಸ್ವಲ್ಪ ಕಸಿವಿಸಿ ಉಂಟುಮಾಡುವ ಸಂಗತಿ, ಆದರೆ ಇರುವುದು ಹಾಗೆ.

ನಾನು ಹೇಳಹೊರಟಿರುವುದು 1915ರ ಒಂದು ಆಯ್ಕೆಯ ಕತೆ. ಅದಕ್ಕೆ ಮೊದಲು, ಕೋವಿಗೆ ಗಾಜಿನ ಕಣ್ಣು ಯಾಕಾದರೂ ಬೇಕು ಅನ್ನುವುದನ್ನು ನೋಡಿಬಿಡೋಣ.

ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದವರಿಗೆ ಇದು ಗೊತ್ತು. ಕಣ್ಣಿನ ಹತ್ತಿರ ಬ್ಯಾಕ್‌ಸೈಟ್, ನಳಿಗೆಯ ತುದಿಯಲ್ಲಿ ಫೋರ್‌ಸೈಟ್, ಆಚೆ ಟಾರ್ಗೆಟ್ಟು. ಮೂರನ್ನೂ ಒಂದೇ ಗೆರೆಗೆ ತರಬೇಕು. ಆದರೆ ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಫೋಕಸ್ ಆಗುತ್ತದೆ. ಫೋರ್‌ಸೈಟ್ ಚೂಪಾಗಿ ಕಂಡರೆ ಟಾರ್ಗೆಟ್ ಮಂಜು, ಟಾರ್ಗೆಟ್ ನೋಡಿದರೆ ಫೋರ್‌ಸೈಟ್ ಮಂಜು. ನನ್ನ ಪಾಲಿಗಂತೂ ಕಾಲೇಜಿನ ದಿನಗಳಲ್ಲೇ ಎಲ್ಲವೂ ಮಂಜು, ಕನ್ನಡಕ ಬೇರೆ :-) ಟೆಲಿಸ್ಕೋಪ್ ಸೈಟಿನ ನಿಜವಾದ ಉಪಕಾರ ದೊಡ್ಡದಾಗಿ ತೋರಿಸುವುದಕ್ಕಿಂತ ಹೆಚ್ಚಾಗಿ ಇಲ್ಲಿದೆ. ಅದರೊಳಗೆ ಗುರಿಯ ಬಿಂಬವೂ ಗುರಿಯಿಡುವ ಗೆರೆಯೂ ಒಂದೇ ಸಮತಲದಲ್ಲಿ ಕೂರುತ್ತವೆ. ಕಣ್ಣು ಅತ್ತಿತ್ತ ಓಡಬೇಕಿಲ್ಲ. ಗ್ರಬ್ ಮಾಡಿದ್ದು ಇನ್ನೂ ಜಾಣತನದ್ದು. ಅವನ ಸೈಟ್ ಏನನ್ನೂ ದೊಡ್ಡದು ಮಾಡುವುದಿಲ್ಲ. ಓರೆಯಾಗಿ ನಿಲ್ಲಿಸಿದ ಒಂದು ಗಾಜಿನಲ್ಲಿ ಒಂದು ಗುರುತಿನ ಪ್ರತಿಬಿಂಬ ಬಹಳ ದೂರದಲ್ಲಿ, ಗುರಿಯ ಮೇಲೇ ಕೂತ ಹಾಗೆ ಕಾಣುತ್ತದೆ. ಕಣ್ಣು ಸ್ವಲ್ಪ ಆಚೀಚೆ ಸರಿದರೂ ಗುರುತು ಗುರಿಯಿಂದ ಕದಲುವುದಿಲ್ಲ.

ನಮ್ಮ ಕಡೆಯ ಬೇಟೆಯವರಿಗೆ ಇದ್ಯಾವುದೂ ಅಷ್ಟಾಗಿ ಬೇಕಾಗಿರಲಿಲ್ಲ. ತೇಜಸ್ವಿಯವರ ಅನುವಾದದಲ್ಲಿ ಕೆನೆತ್ ಆಂಡರ್ಸನ್ನನ್ನು ಓದದ ಕನ್ನಡ ಬ್ಲಾಗಿಗರು ಇರಲಿಕ್ಕಿಲ್ಲ. ಅವನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, ರಾತ್ರಿಯಾದರೆ ಅದಕ್ಕೊಂದು ಟಾರ್ಚು. ಮಚಾನಿನ ಕೆಳಗೆ ಇಪ್ಪತ್ತು ಮೂವತ್ತು ಗಜದಲ್ಲಿ ಬಂದು ನಿಲ್ಲುವ ನರಭಕ್ಷಕನಿಗೆ ಟೆಲಿಸ್ಕೋಪ್ ಇಟ್ಟರೆ ಕಾಣುವುದು ಬರೀ ಹಳದಿ ಕೂದಲು! ಬಯಲುಸೀಮೆಯ ಮಾತು ಬೇರೆ. ಬಾಂಬೆ ಸೈನ್ಯದಲ್ಲಿದ್ದ ಡೇವಿಡ್ಸನ್ ಎಂಬ ಅಧಿಕಾರಿ 19ನೇ ಶತಮಾನದಲ್ಲೇ ಇಂಡಿಯಾದ ಬೇಟೆಯಲ್ಲಿ ರೈಫಲ್ಲಿಗೆ ಟೆಲಿಸ್ಕೋಪ್ ಕಟ್ಟಿ ನೋಡಿದ್ದ. ಅವನ ಹೆಸರಿನ ಸೈಟ್ ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ವಿಟ್‌ವರ್ತ್ ರೈಫಲ್ಲುಗಳ ಮೇಲೆ ಕಾಣಿಸಿಕೊಂಡಿತು. ನಳಿಗೆಯ ಮೇಲಲ್ಲ, ಎಡಪಕ್ಕಕ್ಕೆ. ಈ ಎಡಪಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 1914ರ ಚಳಿಗಾಲಕ್ಕೆ ಬನ್ನಿ. ಫ್ರಾನ್ಸ್, ಬೆಲ್ಜಿಯಮ್ಮಿನಲ್ಲಿ ಎರಡೂ ಕಡೆಯ ಸೈನ್ಯಗಳು ಕಂದಕ ತೋಡಿಕೊಂಡು ಎದುರುಬದುರು ಕೂತಿವೆ. ಕೆಲವು ಕಡೆ ನಡುವೆ ನೂರು ಗಜವೂ ಇಲ್ಲ. ಜರ್ಮನರ ಹತ್ತಿರ ಟೆಲಿಸ್ಕೋಪ್ ಇದ್ದ ರೈಫಲ್ಲುಗಳು ಬೇಕಾದಷ್ಟಿದ್ದವು, ಜರ್ಮನಿಯ ಬೇಟೆಗಾರರಿಂದ ಒಟ್ಟು ಮಾಡಿದವೂ ಸೇರಿ. ಗರ್ಟ್ಸ್, ಝೈಸ್ ಮುಂತಾದ ಹೆಸರಿನ ಸೈಟುಗಳು. ಬ್ರಿಟಿಷರ ಹತ್ತಿರ ಹೆಚ್ಚುಕಡಿಮೆ ಏನೂ ಇರಲಿಲ್ಲ. ಅದೇ ಸಾಲಿನ ಕಂದಕಗಳಲ್ಲಿ ಇಂಡಿಯಾದಿಂದ ಹೋದ ಲಾಹೋರ್, ಮೀರತ್ ಡಿವಿಜನ್ನಿನ ಸಿಪಾಯಿಗಳೂ ಇದ್ದರು ಎಂಬುದನ್ನು ಮರೆಯಬಾರದು. ಕಂದಕದ ಅಂಚಿನ ಮೇಲೆ ತಲೆ ಎತ್ತಿದರೆ ಮುಗಿಯಿತು. 1915ರ ಆರಂಭದಲ್ಲಿ ಒಂದೇ ಬೆಟಾಲಿಯನ್ನು ಒಂದೇ ದಿನ 18 ಜನರನ್ನು ಸ್ನೈಪರುಗಳಿಗೆ ಕಳೆದುಕೊಂಡದ್ದನ್ನು ಮೇಜರ್ ಹೆಸ್ಕೆತ್-ಪ್ರಿಚರ್ಡ್ ತನ್ನ 1920ರ ಪುಸ್ತಕದಲ್ಲಿ ಬರೆದಿದ್ದಾನೆ. ದಾಳಿಯಿಲ್ಲ, ಕದನವಿಲ್ಲ, ಸುಮ್ಮನೆ ಒಂದು ದಿನ.

ಸರಿ, ನಾವೂ ಟೆಲಿಸ್ಕೋಪ್ ಮಾಡಿಕೊಳ್ಳೋಣ ಅಂದರೆ ಗಾಜೇ ಇಲ್ಲ. ಮಸೂರಕ್ಕೆ ಬೇಕಾದ ಗಾಜು ಕಿಟಕಿಯ ಗಾಜಲ್ಲ. ಅದರೊಳಗೆ ಗುಳ್ಳೆಯಾಗಲಿ ಎಳೆಯಾಗಲಿ ಇರಬಾರದು, ಪ್ರತಿ ಬಗೆಯೂ ಬೆಳಕನ್ನು ಇಷ್ಟೇ ಬಗ್ಗಿಸಬೇಕು ಅಂತ ಲೆಕ್ಕ. 1884ರಲ್ಲಿ ಯೇನಾದಲ್ಲಿ ಓಟೊ ಶಾಟ್, ಅರ್ನ್ಸ್ಟ್ ಅಬ್ಬೆ ಕೂಡಿ ಗಾಜಿನ ಕಾರ್ಖಾನೆ ಶುರುಮಾಡಿದ ಮೇಲೆ ಬ್ರಿಟನ್ ತನಗೆ ಬೇಕಾದ ಗಾಜಿನ ಬಹುಪಾಲನ್ನು ಹೊರಗಿನಿಂದ, ಮುಖ್ಯವಾಗಿ ಜರ್ಮನಿಯಿಂದಲೇ ತರಿಸಿಕೊಳ್ಳುತ್ತಿತ್ತು. ದೇಶದೊಳಗೆ ಇದ್ದದ್ದು ಬರ್ಮಿಂಗ್‌ಹ್ಯಾಮ್ ಪಕ್ಕದ ಚಾನ್ಸ್ ಬ್ರದರ್ಸ್ ಒಂದೇ. ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗುವುದಿಲ್ಲ ಅಂತ ಹೇಳಿಕೊಳ್ಳುತ್ತಿದ್ದವರಿಗೆ ಸೂರ್ಯನ ಬೆಳಕನ್ನು ಬಗ್ಗಿಸುವ ಗಾಜಿಗೆ ಶತ್ರುವೇ ಗತಿ! ಇಂಡಿಯಾದಲ್ಲಿ ಮಹಾದಂಡನಾಯಕನಾಗಿದ್ದ ಮುದುಕ ಲಾರ್ಡ್ ರಾಬರ್ಟ್ಸ್ 1914ರಲ್ಲಿ, ನಿಮ್ಮ ನಿಮ್ಮ ಮನೆಯ ಬೈನಾಕ್ಯುಲರನ್ನು ಸೈನ್ಯಕ್ಕೆ ಕಡ ಕೊಡಿ ಅಂತ ಜನರನ್ನು ಕೇಳಿಕೊಳ್ಳಬೇಕಾಯಿತು. ಅದೇ ನವೆಂಬರಿನಲ್ಲಿ ಫ್ರಾನ್ಸಿಗೆ ಇಂಡಿಯನ್ ಸಿಪಾಯಿಗಳನ್ನು ನೋಡಲು ಹೋದವನು ಅಲ್ಲೇ ಕಾಯಿಲೆ ಬಿದ್ದು ಸತ್ತ. 1915ರಲ್ಲಿ ಬ್ರಿಟಿಷ್ ಯುದ್ಧಸಾಮಗ್ರಿ ಇಲಾಖೆ ಸ್ವಿಟ್ಜರ್‌ಲ್ಯಾಂಡಿನ ಮೂಲಕ ಜರ್ಮನಿಯಿಂದಲೇ ಬೈನಾಕ್ಯುಲರ್ ಸಿಗುತ್ತದೆಯೇ ಎಂದು ವಿಚಾರಿಸಿದ ಕತೆ ಅವರದೇ ಅಧಿಕೃತ ಇತಿಹಾಸದಲ್ಲಿದೆ. ಬದಲಿಗೆ ಜರ್ಮನರು ಕೇಳಿದ್ದು ರಬ್ಬರ್.

ಈ ಬರಗಾಲದಲ್ಲಿ ಆಯ್ಕೆಗೆ ಬಂದ ಮೊದಲ ದಾರಿ ಗೆಲಿಲಿಯನ್ ಸೈಟು. ಹೆಸರು ಸರಿಯಾಗಿಯೇ ಇದೆ. 1609ರಲ್ಲಿ ಗೆಲಿಲಿಯೋ ಗುರುಗ್ರಹದತ್ತ ತಿರುಗಿಸುವ ಮೊದಲು ಕಟ್ಟಿಕೊಂಡ ಉಪಾಯವೇ ಇದು. ಮುಂದೊಂದು ಉಬ್ಬು ಮಸೂರ, ಕಣ್ಣಿನ ಹತ್ತಿರ ಒಂದು ತಗ್ಗು ಮಸೂರ, ಅಷ್ಟೆ. ಕೊಳವೆ ಕೂಡ ಇಲ್ಲ. ಮುಂದಿನ ಮಸೂರವನ್ನು ಫೋರ್‌ಸೈಟಿಗೆ, ಹಿಂದಿನ ಪುಟ್ಟ ಮಸೂರವನ್ನು ಬ್ಯಾಕ್‌ಸೈಟಿಗೆ ಸಿಕ್ಕಿಸಿದರೆ ಇಡೀ ರೈಫಲ್ಲೇ ಟೆಲಿಸ್ಕೋಪು. ಯುದ್ಧಕ್ಕೆ ಮೊದಲು ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಇಂಥದ್ದನ್ನು ಬಳಸಿ ಅಭ್ಯಾಸವಿತ್ತು. ಲ್ಯಾಟಿ, ನೀಲ್, ಮಾರ್ಟಿನ್ ಎಂಬ ಬೇರೆ ಬೇರೆ ಮಾದರಿಗಳು ಬಂದವು. ಎಲ್ಲಕ್ಕಿಂತ ಹೆಚ್ಚು ಹೋದದ್ದು ಲ್ಯಾಟಿ, ಸುಮಾರು 9,000.

ಅದರ ಗುಣಗಳನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಪುಸ್ತಕಗಳಲ್ಲಿ ಎಲ್ಲರೂ ಇದನ್ನು ಬೈದೇ ಬಿಡುತ್ತಾರೆ. ಅಗ್ಗ. ಹಗುರ. ಎರಡೇ ತುಂಡು ಗಾಜು. ಬಂದೂಕಿಗೆ ತೂತು ಕೊರೆಯುವುದು ಬೇಡ, ನುರಿತ ಕಮ್ಮಾರ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಅದು ನಳಿಗೆಯ ನೇರಕ್ಕೆ ಕೂರುತ್ತದೆ. ಸಿಪಾಯಿ ಅಭ್ಯಾಸವಾದ ಹಾಗೆಯೇ ಕೆನ್ನೆಯನ್ನು ಹಿಡಿಕೆಗೆ ಒತ್ತಿ ಗುರಿಯಿಡಬಹುದು. ಇನ್ನು ಅವಗುಣ. ದೊಡ್ಡದು ಮಾಡುವುದು ಎರಡು ಪಟ್ಟಿನ ಆಸುಪಾಸು. ಅದೂ ಎಷ್ಟು ಕಿರಿದಾದ ನೋಟವೆಂದರೆ, ಬಾಗಿಲ ಬೀಗದ ತೂತಿನಿಂದ ಜಾತ್ರೆ ನೋಡಿದ ಹಾಗೆ. ಎದುರಿನ ಕಂದಕದ ಅಂಚಿನಲ್ಲಿ ಒಂದು ತಲೆ ಎದ್ದು ಎರಡು ಕ್ಷಣದಲ್ಲಿ ಮುಳುಗಿದರೆ, ಅದು ಎಲ್ಲಿ ಎದ್ದಿತೆಂದು ಹುಡುಕುವಷ್ಟರಲ್ಲಿ ಆಟ ಮುಗಿದಿರುತ್ತದೆ. ಮಳೆ ಬಂದರೆ ಬಯಲಿಗೆ ಬಿದ್ದಿರುವ ಮುಂದಿನ ಮಸೂರದ ಮೇಲೆ ಹನಿ. ಪಕ್ಕದಿಂದ ಬಿಸಿಲು ಬಿದ್ದರೆ ತಡೆಯಲು ಕೊಳವೆಯಿಲ್ಲ. ಫ್ಲಾಂಡರ್ಸಿನ ಕೆಸರಿನಲ್ಲಿ ಅದನ್ನು ಒರೆಸುತ್ತಾ ಕೂರುವುದೇ ಒಂದು ಕೆಲಸ. ಮಲೆನಾಡಿನ ಜುಲೈನಲ್ಲಿ ಕನ್ನಡಕ ಹಾಕಿಕೊಂಡು ಬೈಕ್ ಓಡಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಎರಡನೇ ದಾರಿ ನಿಜವಾದ ಟೆಲಿಸ್ಕೋಪು. ಲಂಡನ್ನಿನ ಪೆರಿಸ್ಕೋಪಿಕ್ ಪ್ರಿಸಮ್ ಕಂಪನಿ, ಬರ್ಮಿಂಗ್‌ಹ್ಯಾಮಿನ ಆಲ್ಡಿಸ್ ಸೋದರರು (ಹಡಗುಗಳ ಮಿಣುಕುದೀಪದ ಆಲ್ಡಿಸ್ ಲ್ಯಾಂಪ್ ಇವರದೇ), ಜೊತೆಗೆ ಅಮೆರಿಕದ ವಿಂಚೆಸ್ಟರ್ ಎ-5. ಮೊದಲನೆಯದು ಎರಡು ಪಟ್ಟು, ಆಲ್ಡಿಸ್ ಸುಮಾರು ಮೂರು, ವಿಂಚೆಸ್ಟರ್ ಐದು ಪಟ್ಟು ದೊಡ್ಡದು ಮಾಡುತ್ತಿದ್ದವು. ಐದು ಪಟ್ಟಿನದ್ದೇ ಒಳ್ಳೆಯದಲ್ಲವೇ ಅಂತ ಕೇಳುತ್ತೀರಿ. ಗುರಿ ಐದು ಪಟ್ಟಾದರೆ ಕೈಯ ನಡುಕವೂ ಐದು ಪಟ್ಟು, ನೋಟ ಇನ್ನಷ್ಟು ಕಿರಿದು, ಮುಸ್ಸಂಜೆಯಲ್ಲಿ ಬಿಂಬ ಇನ್ನಷ್ಟು ಕಪ್ಪು. ಮೇಲಾಗಿ ವಿಂಚೆಸ್ಟರಿನ ಉದ್ದನೆಯ ಸಪೂರ ಕೊಳವೆ ಪ್ರತಿ ಗುಂಡಿಗೂ ತನ್ನ ಆಧಾರದಲ್ಲಿ ಜಾರುತ್ತಿತ್ತು, ಕೈಯಿಂದ ಮತ್ತೆ ಸ್ಥಾನಕ್ಕೆ ಎಳೆದಿಡಬೇಕು. ಕಾಗದದ ಟಾರ್ಗೆಟ್ಟಿಗೆ ಅಡ್ಡಿಯಿಲ್ಲ. ಸೈನ್ಯ ಕೊನೆಗೆ ಹೆಚ್ಚಾಗಿ ತೆಗೆದುಕೊಂಡದ್ದು ಕಡಿಮೆ ಶಕ್ತಿಯ ಪೆರಿಸ್ಕೋಪಿಕ್ ಪ್ರಿಸಮ್ಮಿನದ್ದನ್ನೇ, ಆಮೇಲೆ ಆಲ್ಡಿಸ್. ಈ ಮಟ್ಟಿಗೆ ಆಯ್ಕೆ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ.

ಎಡವಟ್ಟಾದದ್ದು ಅದನ್ನು ಎಲ್ಲಿ ಕೂರಿಸಬೇಕು ಅನ್ನುವಲ್ಲಿ.

ಬ್ರಿಟಿಷ್ ರೈಫಲ್ಲಿಗೆ ಐದೈದು ಗುಂಡುಗಳ ಕ್ಲಿಪ್ಪನ್ನು ಮೇಲಿನಿಂದ ತುಂಬುತ್ತಾರೆ. ಟೆಲಿಸ್ಕೋಪು ನಳಿಗೆಯ ನೆತ್ತಿಯ ಮೇಲಿದ್ದರೆ ಕ್ಲಿಪ್ಪಿಗೆ ಅಡ್ಡ. ಹಾಗಾಗಿ ಇಲಾಖೆಯ ಮಹನೀಯರು ಟೆಲಿಸ್ಕೋಪನ್ನು ಎಡಪಕ್ಕಕ್ಕೆ ತೂಗುಹಾಕಿಸಿದರು. ಮೇಜಿನ ಮೇಲೆ ಇಟ್ಟು ನೋಡಿದರೆ ಸೊಗಸಾದ ಪರಿಹಾರ. ಆದರೆ ಸ್ನೈಪರ್ ಎಲ್ಲಿಂದ ಹೊಡೆಯುತ್ತಾನೆ? ಮರಳುಚೀಲಗಳ ನಡುವೆ ಹುದುಗಿಸಿದ ಉಕ್ಕಿನ ತಗಡಿನ ಒಂದು ಸಣ್ಣ ಕಿಂಡಿಯಿಂದ. ಚಿತ್ರದುರ್ಗದ ಕೋಟೆಗೋಡೆಯ ಬಂದೂಕಿನ ಕಿಂಡಿಗಳನ್ನು ನೆನೆಸಿಕೊಳ್ಳಿ, ಅದಕ್ಕಿಂತ ಚಿಕ್ಕದು. ನಳಿಗೆಯನ್ನು ಕಿಂಡಿಯೊಳಗೆ ತೂರಿಸಿದರೆ ಎಡಕ್ಕಿರುವ ಟೆಲಿಸ್ಕೋಪಿಗೆ ಕಾಣುವುದೇನು? ಉಕ್ಕಿನ ತಗಡು! ಇಲ್ಲವೇ ಕಿಂಡಿಯನ್ನೇ ಅಗಲ ಮಾಡಬೇಕು, ಆಗ ಶತ್ರುವಿನ ಗುಂಡಿಗೂ ದಾರಿ ಅಗಲ. ಕೆನ್ನೆಯೂ ಹಿಡಿಕೆಯ ಮೇಲೆ ಕೂರುವುದಿಲ್ಲ, ಕತ್ತು ವಾರೆ ಮಾಡಿ ಗಂಟೆಗಟ್ಟಲೆ ಕಾಯಬೇಕು.

ಇನ್ನು ಲೆಕ್ಕದ ತೊಂದರೆ. ಟೆಲಿಸ್ಕೋಪು ಎರಡು ಇಂಚು ಪಕ್ಕಕ್ಕಿದೆ, ಅದನ್ನು ನೂರು ಗಜಕ್ಕೆ ಸರಿಹೊಂದಿಸಿದ್ದೀರಿ ಅಂದುಕೊಳ್ಳಿ. ನೋಟದ ಗೆರೆ, ಗುಂಡಿನ ಗೆರೆ ನೂರು ಗಜದಲ್ಲಿ ಕೂಡುತ್ತವೆ, ಆಮೇಲೆ ಕತ್ತರಿಯ ಹಾಗೆ ಅಗಲುತ್ತವೆ. ಇನ್ನೂರು ಗಜದಲ್ಲಿ ಗುಂಡು ಎರಡು ಇಂಚು ಆ ಕಡೆಗೆ, ಮುನ್ನೂರರಲ್ಲಿ ನಾಲ್ಕು ಇಂಚು. ಇಡೀ ಮನುಷ್ಯ ನಿಂತಿದ್ದರೆ ಇದೇನೂ ಅಲ್ಲ. ಕಂದಕದಲ್ಲಿ ಕಾಣುವುದು ಅರ್ಧ ತಲೆ ಮಾತ್ರ.

ಇಷ್ಟೆಲ್ಲ ಯಾತಕ್ಕೆ? ಐದು ಗುಂಡನ್ನು ಬೇಗ ತುಂಬುವುದಕ್ಕೆ. ಸ್ನೈಪರ್ ದಿನಕ್ಕೆ ಒಂದೋ ಎರಡೋ ಗುಂಡು ಹೊಡೆದು ಉಸಿರು ಬಿಗಿಹಿಡಿದು ಕೂರುವ ಪ್ರಾಣಿ. ಒಂದೊಂದೇ ಗುಂಡನ್ನು ಬೆರಳಿನಿಂದ ತುಂಬಿಕೊಂಡರೆ ಅವನ ಗಂಟೇನೂ ಹೋಗುವುದಿಲ್ಲ. ಜರ್ಮನರು ಹಾಗೇ ಮಾಡಿದರು. ಟೆಲಿಸ್ಕೋಪನ್ನು ನಳಿಗೆಯ ನೆತ್ತಿಯ ಮೇಲೇ ಎತ್ತರಕ್ಕೆ ಕೂರಿಸಿ, ಕ್ಲಿಪ್ಪಿನ ಆಸೆ ಬಿಟ್ಟರು. ಇಲ್ಲಿ ಬಳಸುವವನನ್ನು ಯಾರೂ ಕೇಳಲಿಲ್ಲ. ಸಾಮಾನ್ಯ ಸಿಪಾಯಿಗೆ ಬರೆದ ನಿಯಮವನ್ನು ಸ್ನೈಪರಿನ ಮೇಲೆ ಹೇರಿದರು. ಟೆಲಿಸ್ಕೋಪ್ ಕೂರಿಸಿದ ಸುಮಾರು ಹತ್ತು ಸಾವಿರ ರೈಫಲ್ಲುಗಳಲ್ಲಿ ಬಹುಪಾಲು ಹೀಗೇ ಎಡಕ್ಕೆ ವಾಲಿಕೊಂಡು ಯುದ್ಧಕ್ಕೆ ಹೋದವು. ಈ ವಿಷಯದಲ್ಲಿ ಅಗ್ಗದ ಲ್ಯಾಟಿಯೇ ಮೇಲಿತ್ತು ಅನ್ನುವುದು ನನಗೆ ತಮಾಷೆಯಾಗಿಯೂ ಸಂಕಟವಾಗಿಯೂ ಕಾಣುತ್ತದೆ.

ಈ ಎಡಪಕ್ಕದ ಬಗ್ಗೆ ಗಟ್ಟಿಯಾಗಿ ಗೊಣಗಿದವನು ಮೇಲೆ ಹೇಳಿದ ಹೆಸ್ಕೆತ್-ಪ್ರಿಚರ್ಡ್. ವಿಚಿತ್ರ ಆಸಾಮಿ. ದೇಶ ಸುತ್ತಿದವನು, ಬೇಟೆಗಾರ, ಕತೆಗಾರ, ಮೇಲಾಗಿ ಹ್ಯಾಂಪ್‌ಶೈರ್ ಪರ ಆಡಿದ ಫಾಸ್ಟ್ ಬೌಲರ್. ಯುದ್ಧವರದಿಗಾರರನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ಫ್ರಾನ್ಸಿಗೆ ಹೋದವನು ಸ್ನೈಪರುಗಳಿಗೆ ಮೇಷ್ಟರಾದ. ಬರುಬರುತ್ತಾ ಅವನಿಗೆ ಕಂಡದ್ದೇನೆಂದರೆ, ಕಂದಕಗಳಲ್ಲಿದ್ದ ಟೆಲಿಸ್ಕೋಪ್ ರೈಫಲ್ಲುಗಳಲ್ಲಿ ಹೆಚ್ಚಿನವು ನೆಟ್ಟಗೆ ಹೊಡೆಯುತ್ತಲೇ ಇರಲಿಲ್ಲ. ಯಾರಿಗೂ ಅದನ್ನು ಸರಿಹೊಂದಿಸುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಬೆಟಾಲಿಯನ್ನಿಗೆ ಬಂದ ರೈಫಲ್ಲು ಕೈಯಿಂದ ಕೈಗೆ ದಾಟುತ್ತಾ, ಬೀಳುತ್ತಾ ಏಳುತ್ತಾ, ಸಾಮಾನ್ಯ ರೈಫಲ್ಲಿಗಿಂತ ಕಡೆಯಾಗಿತ್ತು. ಟೆಲಿಸ್ಕೋಪು ಇದೆ ಅನ್ನುವ ಧೈರ್ಯ ಬೇರೆ. ಅವನು ಊರೂರು ತಿರುಗಿದ ಹಾಗೆ ಬ್ರಿಗೇಡಿನಿಂದ ಬ್ರಿಗೇಡಿಗೆ ಹೋಗಿ ಅವುಗಳನ್ನು ಒಂದೊಂದಾಗಿ ಸರಿಮಾಡಿದ. 1916ರಲ್ಲಿ ಲಿಂಗೆಮ್ ಎಂಬಲ್ಲಿ ಫಸ್ಟ್ ಆರ್ಮಿಯ ಸ್ನೈಪಿಂಗ್ ಶಾಲೆ ಶುರುವಾಯಿತು. ಕಾಗದದ ಮುದ್ದೆಯಿಂದ ಮಾಡಿದ ತಲೆಯನ್ನು ಕಂದಕದ ಮೇಲೆ ಎತ್ತಿ, ಶತ್ರು ಹೊಡೆದ ಗುಂಡಿನ ತೂತಿನ ನೇರಕ್ಕೆ ಪೆರಿಸ್ಕೋಪ್ ಹಿಡಿದು, ಗುಂಡು ಬಂದ ಜಾಗವನ್ನು ಪತ್ತೆಹಚ್ಚುವುದೂ ಅವನ ಪಾಠದಲ್ಲಿತ್ತು.

ಅವನ ಪುಸ್ತಕ ಓದುವಾಗ ಒಂದು ಕಡೆ ನನಗೆ ಮುಂದೆ ಹೋಗಲು ಕಷ್ಟವಾಯಿತು. ಬೇಟೆಯ ಭಾಷೆಯಲ್ಲೇ ಮನುಷ್ಯರ ಬಗ್ಗೆ ಬರೆಯುತ್ತಾನೆ. ತೋಪಿನವನು ತಾನು ಕೊಂದವರನ್ನು ನೋಡುವುದಿಲ್ಲ. ಸ್ನೈಪರ್ ಎದುರಿನವನ ಗಡ್ಡ ಬೆಳೆದಿರುವುದನ್ನು ನೋಡುತ್ತಾನೆ, ಅವನು ಬೀಡಿ ಹಚ್ಚುವುದನ್ನು ನೋಡುತ್ತಾನೆ, ಆಮೇಲೆ ಹೊಡೆಯುತ್ತಾನೆ. ಅದೇ ಹೊತ್ತಿಗೆ ಅವನು ಹೊಡೆಯದಿದ್ದರೆ ಈ ಕಡೆ ದಿನಕ್ಕೆ 18 ಜನ. ಎರಡನ್ನೂ ಒಟ್ಟಿಗೆ ಫೋಕಸ್ ಮಾಡಲು ನನಗಂತೂ ಆಗಿಲ್ಲ.

ಕೊನೆಗೂ 1918ರಲ್ಲಿ ಬ್ರಿಟಿಷರು ಪ್ಯಾಟರ್ನ್ 14 ಎಂಬ ರೈಫಲ್ಲಿನ ನೆತ್ತಿಯ ಮೇಲೆ, ನಟ್ಟನಡುವೆ, ಆಲ್ಡಿಸ್ ಕೂರಿಸಿದರು. ಮೂರು ವರ್ಷ ಬೇಕಾಯಿತು ಇಷ್ಟಕ್ಕೆ. ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಪ್ರಿಚರ್ಡ್ 1922ರಲ್ಲಿ ರಕ್ತ ನಂಜಾಗಿ ತೀರಿಕೊಂಡ.

ವಾರ್ನರ್ ಅಂಡ್ ಸ್ವೇಸಿಯವರದ್ದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಬೈನಾಕ್ಯುಲರಿನಂತೆ ಒಳಗೆ ಪ್ರಿಸಮ್ ಇಟ್ಟು ಗಿಡ್ಡ ಮಾಡಿದ ಸೈಟು, ಐದು ಪಟ್ಟಿಗಿಂತ ಹೆಚ್ಚು ಶಕ್ತಿ, ಇದೂ ಎಡಪಕ್ಕಕ್ಕೇ. ಕಣ್ಣನ್ನು ಎಷ್ಟು ಹತ್ತಿರ ಇಡಬೇಕಿತ್ತೆಂದರೆ, ರೈಫಲ್ ಒದ್ದಾಗ ಹುಬ್ಬಿಗೆ ಬಡಿಯದಿರಲೆಂದು ಒಂದು ರಬ್ಬರ್ ಬಟ್ಟಲು ಹಾಕಿದ್ದರು. ಆ ಬಟ್ಟಲು ಕಣ್ಣಿಗೆ ಕಚ್ಚಿಕೊಳ್ಳುತ್ತಿತ್ತು. ಗುಂಡು ಹೊಡೆಯುವ ಮುಂಚೆಯೇ ಹೊಡೆತ ತಿನ್ನುವ ಭಯದಲ್ಲಿ ಯಾವ ಗುರಿ ನಿಂತೀತು!

ಇಪ್ಪತ್ತು ವರ್ಷ ದಾಟಿ ಇನ್ನೊಂದು ಚಳಿಗಾಲ. 1939-40, ಫಿನ್‌ಲ್ಯಾಂಡ್, ಕೊಲ್ಲಾ ರಣರಂಗ. ಸಿಮೊ ಹಾಯ್ಹಾ ಎಂಬ ಕುಳ್ಳ ರೈತ ಬರೀ ಕಬ್ಬಿಣದ ಸೈಟಿನ ರೈಫಲ್ ಹಿಡಿದು ಕೂತಿದ್ದ. ಗಾಜು ಬೇಡ ಅನ್ನುವುದಕ್ಕೆ ಅವನಿಗೆ ಕಾರಣಗಳಿದ್ದವು. ಟೆಲಿಸ್ಕೋಪಿಗೆ ಕಣ್ಣಿಡಬೇಕಾದರೆ ತಲೆಯನ್ನು ಒಂದೆರಡು ಇಂಚು ಮೇಲೆತ್ತಬೇಕು, ಆ ಒಂದೆರಡು ಇಂಚೇ ಸಾವು. ಆ ಚಳಿಯಲ್ಲಿ ಗಾಜಿನ ಮೇಲೆ ಉಸಿರು ಹೆಪ್ಪುಗಟ್ಟುತ್ತದೆ. ಬಿಸಿಲಿಗೆ ಹೊಳೆದು ಜಾಗ ಹೇಳಿಕೊಡುತ್ತದೆ. ಫಿನ್ನಿಷ್ ಲೆಕ್ಕದಲ್ಲಿ ಅವನ ಹೆಸರಿಗೆ 500ಕ್ಕೂ ಹೆಚ್ಚು ಸಾವುಗಳಿವೆ. 1940ರ ಮಾರ್ಚಿನಲ್ಲಿ ದವಡೆಗೆ ಗುಂಡು ಬಿದ್ದರೂ ಬದುಕಿ, 2002ರವರೆಗೆ ಇದ್ದ. ಆದರೆ ಇದನ್ನು ಹಿಡಿದುಕೊಂಡು ಕಬ್ಬಿಣದ ಸೈಟೇ ಶ್ರೇಷ್ಠ ಅಂತ ವಾದಿಸುವವರಿಗೆ ನನ್ನದೊಂದು ತಕರಾರಿದೆ. ಹುಟ್ಟಿದಾಗಿನಿಂದ ಆ ಕಾಡಿನಲ್ಲಿ ಅಲೆದವನ ಕಣ್ಣು ಎಲ್ಲರಿಗೂ ಇರುವುದಿಲ್ಲ. ಸೈನ್ಯಕ್ಕೆ ಬೇಕಾದದ್ದು ಹಾಯ್ಹಾ ಅಲ್ಲದವನ ಕೈಗೂ ಒಗ್ಗುವ ಸೈಟು.

ಸೋವಿಯತ್ತರು ಅದನ್ನು ಬೇಗ ಅರ್ಥಮಾಡಿಕೊಂಡರು. ಮೊದಲಿದ್ದ ನಾಲ್ಕು ಪಟ್ಟಿನ ಭಾರದ ಟೆಲಿಸ್ಕೋಪನ್ನು ಬಿಟ್ಟು, ಪಿಯು ಎಂಬ ಮೂರೂವರೆ ಪಟ್ಟಿನ ಗಿಡ್ಡ ಸೈಟನ್ನು 1942ರಿಂದ ಮೋಸಿನ್ ರೈಫಲ್ಲುಗಳ ಮೇಲೆ ರಾಶಿರಾಶಿ ಕೂರಿಸಿದರು. ಕ್ಲಿಪ್ಪಿಗೆ ಅಡ್ಡ ಬಂದರೆ ಬರಲಿ, ಒಂದೊಂದೇ ತುಂಬಿಕೊಳ್ಳಿ ಅಂದರು. ಜರ್ಮನರು ಈ ಸಲ ತಾವೇ ಎಡವಿದರು. ಎಲ್ಲ ಸಿಪಾಯಿಗೂ ಆಗಲಿ ಅಂತ ಒಂದೂವರೆ ಪಟ್ಟಿನ ಝಡ್‌ಎಫ್-41 ಎಂಬ ಪುಟ್ಟ ಸೈಟನ್ನು, ಕ್ಲಿಪ್ಪಿಗೆ ಜಾಗ ಬಿಟ್ಟು, ಕಣ್ಣಿನಿಂದ ಬಲು ದೂರಕ್ಕೆ ನಳಿಗೆಯ ಮೇಲೆ ಕೂರಿಸಿದರು. ಲಕ್ಷಕ್ಕೂ ಮೀರಿ ತಯಾರಾದ ಅದನ್ನು ರಣರಂಗದಲ್ಲಿ ಮೆಚ್ಚಿದವರು ಕಡಿಮೆ. ಮತ್ತೆ ಅದೇ ಕ್ಲಿಪ್ಪು, ನೋಡಿ!

ಗ್ರಬ್‌ನ ಸೈಟ್ ಏನಾಯಿತು? ಮೊದಲ ಮಹಾಯುದ್ಧದ ಕೊನೆಗೆ ಜರ್ಮನ್ ವಿಮಾನಗಳಲ್ಲಿ ಕಾಣಿಸಿಕೊಂಡು, ಎರಡನೆಯದರಲ್ಲಿ ಫೈಟರ್ ವಿಮಾನಗಳಿಗೆಲ್ಲ ಸಾಮಾನ್ಯವಾಯಿತು. ರೈಫಲ್ಲಿಗೆ ಮಾತ್ರ ಬರಲಿಲ್ಲ. ಆ ಗುರುತನ್ನು ಬೆಳಗುವ ದೀಪ ಮತ್ತು ಅದಕ್ಕೆ ಬೇಕಾದ ಬ್ಯಾಟರಿಯನ್ನು ಸಿಪಾಯಿ ಹೊರುವ ಹಾಗಿರಲಿಲ್ಲ. ಗ್ರಬ್ 1931ರಲ್ಲಿ ತೀರಿಕೊಂಡ. ಪುಟ್ಟ ಎಲ್‌ಇಡಿ ಬಂದ ಮೇಲೆ, 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಅದೇ ತತ್ವದಲ್ಲಿ, ಕೆಂಪು ಚುಕ್ಕೆಯ ಸೈಟನ್ನು ಮಾರಾಟಕ್ಕೆ ತಂದಿತು. ಅದನ್ನು ಮೊದಲು ಮಾಡಿದ್ದು ಬೇಟೆಗಾರರಿಗಾಗಿ. ಎರಡೂ ಕಣ್ಣು ತೆರೆದಿಟ್ಟುಕೊಂಡು, ಓಡುವ ಪ್ರಾಣಿಗೆ ಹೊಡೆಯಲು.